ಅಳದಿದ್ದರೆ ಆಪರೇಷನ್ ಆಗಿಲ್ಲ

ರಾಮನಗರದ ನರ್ಸಿಂಗ್ ಹೋಂ ಎದುರು ಐಸ್‌ಕ್ರೀಮ್ ಅಂಗಡಿ ಇಡುತ್ತೇನೆಂದಾಗ, ಫ್ಯಾಕ್ಟರಿಗೆ ಜಮೀನು ಕೊಟ್ಟು ಆಗತಾನೆ ಕಾರು ಕೊಂಡಿದ್ದ ನನ್ನ ಗಂಡನ ಅಣ್ಣ ನಕ್ಕಿದ್ದರು. "ಬಸ್ಸಿನ ಬೋರ್ಡು ನೋಡಿ ಅಕ್ಷರ ಕಲ್ತೋಳು ನೀನು. ನಿನ್ ಕೈಲಿ ಅಂಗಡಿ ಆಯ್ತದಾ?" ಆಯಿತು. ಆಸ್ಪತ್ರೆ ಎದುರಿಗಿದ್ದರೆ ವ್ಯಾಪಾರಕ್ಕೂ ಬರವಿಲ್ಲ, ನಗುವಿಗೂ ಬರವಿಲ್ಲ.

೧. ತಿಂದವರು ಯಾರು

ಟಾನ್ಸಿಲ್ ತೆಗೆಸಿಕೊಂಡ ಮಕ್ಕಳಿಗೆ ಐಸ್‌ಕ್ರೀಮ್ ಕೊಡಿ ಎನ್ನುತ್ತಿದ್ದರು ಡಾಕ್ಟರು. ನನ್ನ ಅಂಗಡಿ ನಿಂತದ್ದೇ ಅದರ ಮೇಲೆ. ಅಷ್ಟರಲ್ಲಿ ಹೊಸ ಅರಿವಳಿಕೆ ಡಾಕ್ಟರಮ್ಮ ಬಂದರು. ಮಗು ಮತ್ತಿನಲ್ಲಿರುವಾಗಲೇ ಗಂಟಲಿನ ನರ ಮರಗಟ್ಟುವಂತೆ ಇಂಜೆಕ್ಷನ್ ಕೊಡುತ್ತಿದ್ದರು; ಎದ್ದ ಮೇಲೂ ಕೆಲವು ಗಂಟೆ ನೋವಿಲ್ಲ.

ಭಾವ ಕಾರು ನಿಲ್ಲಿಸಿ ಹೇಳಿದರು: "ನೋವಿಲ್ದೋರ್ಗೆ ಐಸ್‌ಕ್ರೀಮ್ ಯಾಕವ್ವಾ? ಶೆಟರ್ ಎಳ್ಕೊ."

ನನಗೂ ಹಾಗೇ ಅನಿಸಿತು. ಆದರೆ ವ್ಯಾಪಾರ ಏರಿತು. ಮೊದಲು ಮಗು ನುಂಗಲಾರದೆ ಅಳುತ್ತಿತ್ತು. ಕರಗಿಹೋಗುತ್ತದಲ್ಲ ಎಂದು ಸೋದರಮಾವ ತಿಂದು ಮುಗಿಸುತ್ತಿದ್ದ. ಈಗ ಮಗುವೇ ತಿನ್ನುತ್ತಿತ್ತು. ಮಾವಂದಿರು ತಮ್ಮದನ್ನು ತಾವೇ ಕೊಳ್ಳಬೇಕಾಯಿತು.

೨. ಸಂಜೆ ಬಸ್ಸು

ಮಾಗಡಿಯ ಅಜ್ಜಿಯೊಬ್ಬರು ಕಬ್ಬಾಳಮ್ಮನಿಗೆ ಹರಕೆ ಹೊತ್ತು, ಅಳುವ ಮೊಮ್ಮಗನನ್ನು ಸಮಾಧಾನ ಮಾಡಲೆಂದೇ ಬಂದಿದ್ದರು. ಅವನು ಮಂಚದ ಮೇಲೆ ಚನ್ನಪಟ್ಟಣದ ಮರದ ಗಾಡಿ ಓಡಿಸುತ್ತಿದ್ದ. ಅಜ್ಜಿ ನರ್ಸಮ್ಮನನ್ನು ತಡೆದರು.

"ಕುಯ್ದೇ ಇಲ್ಲ ನೀವು. ಕುಯ್ದಿದ್ರೆ ಅಳ್ತಿರ್ನಿಲ್ವಾ?"

"ಇಂಜೆಕ್ಷನ್ ಕೊಟ್ಟಿದೀವಿ ಅಜ್ಜಿ. ಸಂಜೆಗೆ ಒಸಿ ನೋವು ಬರುತ್ತೆ, ಆಗ ಸಿರಪ್ ಕೊಡ್ತೀವಿ."

"ಸಂಜೆ ಬಸ್ಸಿಗೆ ನಾನು ಹೋಯ್ತೀನಿ ಕಣವ್ವ. ಈಗ್ಲೇ ಒಸಿ ಬರ್ಸಿ."

೩. ಭಾವನ ಮಾನ

ಕೊನೆಗೆ ಭಾವನ ಮಗಳಿಗೇ ಟಾನ್ಸಿಲ್. ಮಗು ಉಳಿಯುವುದೇ ಕಷ್ಟ ಎಂಬಂತೆ ಭಾವ ಊರಿಗೆಲ್ಲ ಫೋನು ಮಾಡಿದ್ದರು. ಟೆಂಪೋ ತುಂಬ ನೆಂಟರು ಬ್ರೆಡ್ಡು, ಎಳನೀರು ಹಿಡಿದು ಬಂದಿಳಿದರೆ, ಮಗಳು ಕಿಟಕಿಯಲ್ಲಿ ನಿಂತು ಕೈಬೀಸುತ್ತಿದ್ದಳು. ಭಾವ ಬಗ್ಗಿ ಪಿಸುಗುಟ್ಟಿದ್ದು ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು.

"ಮಾನ ಹೋಯ್ತದೆ, ಒಸಿ ಅಳವ್ವ."

"ಚಿಕ್ಕವ್ವನ ಅಂಗಡಿ ದೊಡ್ಡ ಕಪ್ಪು ಕೊಡ್ಸು, ಅಳ್ತೀನಿ."

ನಾನು ಅಂಗಡಿಗೆ ಓಡಿದೆ. ಹಿಂದೆಯೇ ಭಾವ ಬಂದರು, ಅವರ ಹಿಂದೆ ನೆಂಟರು.

"ದೊಡ್ಡ ಕಪ್ಪು ಕೊಡು," ಎಂದರು ಮೆಲ್ಲಗೆ.

"ನೋವಿಲ್ದೋರ್ಗೆ ಐಸ್‌ಕ್ರೀಮ್ ಯಾಕೆ ಭಾವ?" ಎಂದೆ, ಟೆಂಪೋ ಡ್ರೈವರಿಗೂ ಕೇಳುವಂತೆ.

ಮಗಳು ಕಪ್ಪು ಖಾಲಿ ಮಾಡಿದಳು. ಅಳಲಿಲ್ಲ.

ಬಾಡಿಗೆಗೆ ಹಿಡಿದಿದ್ದ ಆ ಮಳಿಗೆ ಇವತ್ತು ನನ್ನದು, ಎರಡು ಫ್ರೀಜರ್ ನನ್ನವು. ಇದಕ್ಕಾಗಿ ನನ್ನ ಚಿನ್ನದ ಸರ ಮಾರಿಹೋಯಿತು, ಭಾವ ನನ್ನೊಡನೆ ಮಾತು ಬಿಟ್ಟರು. ಸರ ಆಗಾಗ ನೆನಪಾಗುತ್ತದೆ.