ಅಳು ನಿಲ್ಲಿಸುವ ಫರ್ಮಾನು

ಲಿಂಗಸುಗೂರಿನಲ್ಲಿ ಉರ್ದು ಏಳನೆಯ ಜಮಾತು ಪಾಸಾಗಿ ನಮ್ಮೂರು ಸಿಂಧನೂರಿಗೆ ಮರಳಿದಾಗ, ನನಗೆ ತಿಳಿಯದ ಸಂಗತಿ ಲೋಕದಲ್ಲಿ ಒಂದೂ ಉಳಿದಿರಲಿಲ್ಲ. ನಮ್ಮ ಓಣಿಯ ದೊಡ್ಡವರಿಗೆ ತಿಳಿದ ಸಂಗತಿ ಒಂದೂ ಇರಲಿಲ್ಲ!

ಪಕ್ಕದ ಮನೆಯ ಗಂಗಕ್ಕನ ಮಗ ಮಲ್ಯಾನಿಗೆ ನಾಲ್ಕು ವರ್ಷ. ಕೇಳಿದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳುತ್ತಿದ್ದ. ಅವನ ಕೂಗಿಗೆ ಪಕ್ಕದೂರು ಸಾಲಗುಂದದ ಎತ್ತುಗಳು ಹಗ್ಗ ಹರಿದುಕೊಳ್ಳುತ್ತಿದ್ದವು. ಎತ್ತಿಕೊಳ್ಳಲು ಹೋದವರನ್ನು ಕಚ್ಚುತ್ತಿದ್ದ. ಗಂಗಕ್ಕನಿಗೆ ಓಣಿಯ ಮಹಾಜ್ಞಾನಿಗಳು ಕೊಟ್ಟ ನೆರವೇನು? ಒಬ್ಬರು ತಾಯಿತ ಕಟ್ಟೆಂದರು. ಒಬ್ಬರು ಮೆಣಸಿನಕಾಯಿ ಹೊಗೆ ಹಾಕೆಂದರು. ತಪ್ಪು ತಾಯಿಯದೇ ಎಂದು ಮಾತ್ರ ಎಲ್ಲರೂ ಒಟ್ಟಿಗೆ ಹೇಳಿದರು. ತಾಯಿತವನ್ನು ಮಲ್ಯಾ ಅಗಿದು ನುಂಗಿದ.

ಇಂಥದರಲ್ಲಿ ಮಸ್ಕಿಯಲ್ಲಿ ಗಂಗಕ್ಕನ ತಮ್ಮನ ಮದುವೆ. ಅವಳ ಅತ್ತೆ ಬಸಮ್ಮ ಹುಕುಂ ಮಾಡಿದಳು: "ಬೀಗರ ಕೈಗೆ ಈ ಕೂಸು ಹಲ್ಲು ಹಾಕಿದ್ರ ನಮ್ಮ ಮಾನ ಹೋಗತೈತಿ. ಸೋಮವಾರದೊಳಗ ಸುಮ್ಮನಾದ್ರ ಹೋಗು. ಇಲ್ಲಾಂದ್ರ ಮನ್ಯಾಗ ಬಿದ್ದಿರು."

ಗಂಗಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ.

"ಗಂಗಕ್ಕಾ, ನಾಕು ದಿನ ಅವನ್ನ ನನ್ನ ಕೈಯಾಗ ಕೊಡು."

"ನಿನ್ನ ಕೈಯಾಗ? ಮೊನ್ನೆತನಾ ನಿನ್ನ ಮೂಗು ಒರಸಿದಾಕಿ ನಾನಲ್ಲೇನಲೇ!"

"ಸುಮ್ಮನಾದ್ರ ಮದುವಿ ಬಂಡ್ಯಾಗ ನನಗೂ ಜಾಗಾ ಕೊಡತೀಯೇನು?"

"ಮುಂದ ಕುಂದರಸತೀನಿ, ಹೋಗಪಾ."

ಅಪ್ಪನ ಕೆಂಪು ಕುಚ್ಚಿನ ರೂಮಿ ಟೋಪಿ ಹಾಕಿಕೊಂಡು ಬೇವಿನ ಕಟ್ಟೆ ಹತ್ತಿದೆ. ಹೈದರಾಬಾದಿನ ದರ್ಬಾರಿನ ಗತ್ತಿನಲ್ಲಿ ಫರ್ಮಾನು ಓದಿದೆ: "ಅಳು ನಿಲ್ಲಿಸಿದ ಪ್ರಜೆಗೆ ಒಂದು ಚೂರು ಬೆಲ್ಲ ಇನಾಮಾಗಿ ದಯಪಾಲಿಸಲಾಗುವುದು!"

ಮಲ್ಯಾ ಅತ್ತ. ಬೆಲ್ಲ ತೋರಿಸಿದೆ. ನಿಲ್ಲಿಸಿದ! ಓಣಿಯ ಹಿರಿಯರನ್ನು ಹುಳ ನೋಡುವಂತೆ ನೋಡಿದೆ.

ಬೆಲ್ಲ ಕರಗಿತು. ಮಲ್ಯಾ ಮತ್ತೆ ಅತ್ತ, ಮೊದಲಿಗಿಂತ ಜೋರಾಗಿ. ನಮ್ಮ ಮನೆಯ ಬೆಲ್ಲದ ಗಡಿಗೆಯಿಂದ ಮತ್ತೊಂದು ಚೂರು. ಸಂಜೆಯೊಳಗೆ ನನ್ನ ಫರ್ಮಾನಿನ ಒಳಮರ್ಮ ಅವನಿಗೆ ತಿಳಿದುಹೋಯಿತು: ನಿಲ್ಲಿಸಬೇಕಾದರೆ ಮೊದಲು ಅಳಬೇಕು!

ಮರುದಿನ ಎದುರುಮನೆಯ ಹುಸೇನಬಿ ಚಾಚಿಯ ಮಗಳು ಬೆಲ್ಲದಾಸೆಗೆ ಮಲ್ಯಾನ ಪಕ್ಕದಲ್ಲೇ ಬಿದ್ದು ಹೊರಳಿದಳು. ಮೂರನೆಯ ದಿನ ಹನ್ನೊಂದು ಮಕ್ಕಳು ಸಾಲಾಗಿ ಮಲಗಿ ಕಾಲು ಬಡಿಯುತ್ತಿದ್ದವು. ಓಣಿಯಲ್ಲಿ ಬಂಡಿ ಓಡಾಟ ಬಂದ್ ಆಯಿತು!

"ಏ ಮಾಸ್ತರ! ನನ್ನ ಮಗಳಿಗೆ ಮೊನ್ನೆತನಾ ಬಾಯೇ ಇದ್ದಿಲ್ಲ. ಇವತ್ತ ನನ್ನ ತೋಳ ಕಚ್ಯಾಳ ನೋಡು!" ಎಂದಳು ಚಾಚಿ.

"ಅದು ಗುಣ ಆಗೋ ಲಕ್ಷಣ ರೀ ಚಾಚಿ," ಎಂದೆ.

ಚಾಚಿ ಪೊರಕೆ ಎತ್ತಿದಳು. ಮನೆಯೊಳಕ್ಕೆ ಓಡಿದೆ. ಅಲ್ಲಿ ಅವ್ವ ಬರಿದಾದ ಬೆಲ್ಲದ ಗಡಿಗೆ ಹಿಡಿದು ಕಾಯುತ್ತಿದ್ದಳು!

ಸೋಮವಾರ ಬಂಡಿ ಹೂಡಿದರು. ಗಂಗಕ್ಕ ಹೊಸ ಸೀರೆ ಉಟ್ಟು, ಮಲ್ಯಾನನ್ನು ಅವುಚಿಕೊಂಡು, ಹೊಸ್ತಿಲಲ್ಲೇ ಕುಳಿತಿದ್ದಳು. ಬಸಮ್ಮ ಹೊರಳುತ್ತಿದ್ದ ಮಕ್ಕಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಓಣ್ಯಾಗಿನ ಹುಡುಗ್ರೆಲ್ಲಾ ಕಚ್ಚಾಕತ್ಯಾವ. ನಮ್ಮದೊಂದು ಹೆಚ್ಚೇನಲ್ಲ ಬಿಡು. ಬಂಡಿ ಹತ್ತು ಗಂಗಾ!"

ನಾನು ಗೆದ್ದಿದ್ದೆ! ಜಿಗಿದು ಬಂಡಿಯ ಮುಂದೆ ಕುಳಿತೆ.

"ನೀ ಇಳಿಯಲೇ!" ಎಂದಳು ಬಸಮ್ಮ.

"ಗಂಗಕ್ಕ ಮಾತು ಕೊಟ್ಟಾಳ!"

"ಕಚ್ಚೋ ಕೂಸನ್ನ ಒಯ್ಯಬಹುದು. ಊರಿಗೆಲ್ಲಾ ಕಚ್ಚೋದು ಕಲಿಸಿದಾವನ್ನ ಒಯ್ದ್ರ ಬೀಗರು ಉಳೀತಾರೇನು?"

ಏಳನೆಯ ಜಮಾತು ಪಾಸಾದ ನಾನು ಮಣ್ಣಿಗೆ ಬಿದ್ದೆ. ಹೊರಳಿದೆ. ಕಾಲು ಬಡಿದೆ. ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ಮಲ್ಯಾ ಮಾತ್ರ ಬಂಡಿಯಿಂದ ಬಗ್ಗಿ, ಬಚ್ಚಿಟ್ಟು ಈಗ ಚೀಪುತ್ತಿದ್ದ ಕೊನೆಯ ಬೆಲ್ಲದ ಚೂರನ್ನು ಬಾಯಿಂದ ತೆಗೆದು ನನ್ನ ಕೈಗಿಟ್ಟ.

"ಸುಮ್ನಾಗು," ಎಂದ.

ಸುಮ್ಮನಾದೆ. ಬೆಲ್ಲ ತಿಂದೆ. ನನ್ನ ಫರ್ಮಾನು ಸರಿಯಾಗಿ ಜಾರಿಯಾದದ್ದು ಅದೊಂದೇ ಸಲ!