ರೇಡಿಯೊ ಕಂಪನಿಯ ಷೇರು, ಕಾಕೂನ ಪಾಟ್ಲಿ

ಊರೂರು ಅಲೆದು ನಾನು ಸೋಲಾಪುರಕ್ಕೆ ಮರಳಿದಾಗಲೆಲ್ಲ ನಮ್ಮ ಕಾಕಾ ಯಾವುದಾದರೊಂದು ಹೊಸ ಜಾಣತನದಲ್ಲಿ ಕುತ್ತಿಗೆತನಕ ಮುಳುಗಿರುತ್ತಾರೆ. ಎಪ್ಪತ್ತರ ದಶಕದ ಆ ವರ್ಷ ಅದು ಮುಂಬೈಯ ಒಂದು ಟ್ರಾನ್ಸಿಸ್ಟರ್ ಕಂಪನಿಯ ಷೇರು. ಗಂಡಾಂತರ ಮಾತ್ರ ಎಂದಿನಂತೆ ಅವರ ಹೆಂಡತಿ ಕಾಕೂನ ಕೈಯಲ್ಲಿದ್ದ ಬಂಗಾರದ ಪಾಟ್ಲಿ ಬಳೆಗೆ.

೧. ಥಾನಿನ ನ್ಯಾಯ

ನವಿ ಪೇಠದಲ್ಲಿ ಕಾಕಾರದು ಬಟ್ಟೆ ಅಂಗಡಿ. ಷೇರಿನ ಭಾವ ದಿನಾ ಇಳಿಯುತ್ತಿತ್ತು. ಅವರ ಮುಖ ದಿನಾ ಅರಳುತ್ತಿತ್ತು.

"ಕಾಕಾ, ಇಳಿಯಾಕತ್ತದಲ್ಲ?"

"ಹುಚ್ಚಿ, ದೀಪಾವಳಿ ಮುಂದ ಬಟ್ಟಿ ಥಾನು ಅಗ್ಗ ಆದ್ರ ಯಾರರ ಅಳ್ತಾರೇನು? ಇನ್ನಷ್ಟು ತಂದು ತುಂಬ್ತಾರ."

"ಥಾನು ಮಾರಾಟ ಆಗ್ಲಿಲ್ಲಂದ್ರ ಪರದೆನಾದ್ರೂ ಹೊಲಿಸಬಹುದು. ಷೇರಿನ ಕಾಗದ?"

"ದೇಶ ದೇಶ ತಿರುಗಿದ್ರೂ ನಿನಗ ಧಂದೆ ತಿಳೀಲಿಲ್ಲ ನೋಡು," ಎಂದು ಚಹಾ ತರಿಸಿದರು. ದುಡ್ಡು ನಾನೇ ಕೊಟ್ಟೆ. ಅವರ ಗಲ್ಲಾಪೆಟ್ಟಿಗೆಯ ದುಡ್ಡೆಲ್ಲ ಷೇರಿಗೆ ಹೋಗಿತ್ತು.

೨. ಮಾತಿನ ಮನುಷ್ಯ

ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಪಕ್ಕದ ಮನೆಯವರನ್ನು ಕರೆದು ಕಾಕಾರ ಎದುರು ಕಂಪನಿಯ ವರದಿ ಓದಿಸಿದೆ.

"ಸಾಲ ಭಾಳ ಅದರಿ. ಗೋದಾಮ ತುಂಬ ಮಾರದ ರೇಡಿಯೊ ಸೆಟ್ಟು."

"ಗೋದಾಮ ತುಂಬೇದಂದ್ರ ಮಾಲದಾರ ಪಾರ್ಟಿ, ಭಾರಿ ಶ್ರೀಮಂತ್ರು!" ಕಾಕಾ ತೊಡೆ ತಟ್ಟಿದರು.

"ಮುಂದಿನ ವರ್ಷ ಲಾಭ ಬರ್ತದಂತ ಚೇರಮನ್ನರು ಬರದಾರ. ಹೋದ ವರ್ಷನೂ ಹಂಗಽ ಬರದಿದ್ರು. ಅದರ ಹಿಂದಿನ ವರ್ಷನೂ."

"ನೋಡ್ರಿ! ಒಂದಽ ಮಾತಿನ ಮನುಷ್ಯಾ!"

೩. ಅಕ್ಕಲಕೋಟದ ತೀರ್ಪು

ಅಷ್ಟರಲ್ಲಿ ಭಾವ ತುಸು ಏರಿತು. ಕಾಕಾ ನೇರ ಅಡುಗೆಮನೆಗೆ ನುಗ್ಗಿ, "ಪಾಟ್ಲಿ ಕೊಡು, ಮಾರಿ ಇನ್ನಷ್ಟು ಷೇರು ತಗೋತೀನಿ, ಈಗ ಬಿಟ್ರ ಸಿಗೂದಿಲ್ಲ," ಅಂದರು.

"ಇಳದಾಗ ಅಗ್ಗ ಅಂತ ತಗೊಂಡ್ರಿ. ಏರಿದಾಗ್ಯಾಕ?" ಅಂದೆ.

"ಏರಿದಾಗ ಏರಾಕತ್ತದಂತ!"

ಕಾಕು ರೊಟ್ಟಿ ಬಡಿಯುವುದು ನಿಲ್ಲಿಸಿದರು. "ನಿಮ್ಮ ಭಾವನೂ ಬ್ಯಾಡ, ಇಕಿ ವರದಿನೂ ಬ್ಯಾಡ. ನಮ್ಮ ತವರೂರಾಗ ರೇಡಿಯೊ ರಿಪೇರಿಯವರೊಬ್ರು ಅದಾರ. ಅವರು ಈ ಕಂಪನಿ ಚಲೋ ಅಂದ್ರ ಅಲ್ಲೇ ಪಾಟ್ಲಿ ತೆಗೀತೀನಿ."

ಮೂವರೂ ಬಸ್ ಹತ್ತಿ ಕಾಕೂನ ತವರೂರು ಅಕ್ಕಲಕೋಟಕ್ಕೆ ಹೋದೆವು. ರಿಪೇರಿ ಅಂಗಡಿಯ ಕಪಾಟಿನ ತುಂಬ ಅದೇ ಕಂಪನಿಯ ಸೆಟ್ಟುಗಳು, ಹೊಟ್ಟೆ ಬಿಚ್ಚಿಕೊಂಡು ಕೂತಿದ್ದವು.

"ನೋಡು, ಎಷ್ಟು ಮಂದಿ ತಗೊಂಡಾರ!" ಕಾಕಾ ಪಿಸುಗುಟ್ಟಿದರು.

ಕಂಪನಿಯ ಹೆಸರು ಕೇಳಿದ್ದೇ ರಿಪೇರಿಯವರು ಕೈ ಮುಗಿದರು. "ದೇವರಂಥಾ ಕಂಪನಿರಿ! ಇದರ ಸೆಟ್ಟು ಬರಾಕ ಹತ್ತಿದಮ್ಯಾಲೇ ನಾ ಮಾಳಿಗಿ ಕಟ್ಟಿಸಿದ್ದು. ಒಮ್ಮಿ ಬಂದ ಗಿರಾಕಿ ತಪ್ಪೂದಿಲ್ಲರಿ, ತಿಂಗಳಾ ತಿಂಗಳಾ ಬರ್ತಾನ."

"ಕೇಳಿದೇನ? ದೇವರಂಥಾ ಕಂಪನಿ!" ಕಾಕಾ ಅಂಗೈ ಚಾಚಿದರು. "ತೆಗಿ."

ಕಾಕು ಕೊಟ್ಟ ಮಾತಿಗೆ ತಪ್ಪಲಿಲ್ಲ. ಪಾಟ್ಲಿ ತೆಗೆದರು, ಗಂಡನ ಅಂಗೈ ದಾಟಿಸಿ ರಿಪೇರಿಯವರ ಮೇಜಿನ ಮೇಲಿಟ್ಟರು.

"ಅಣ್ಣಾರ, ನಿಮ್ಮ ಅಂಗಡಿ ಷೇರು ಹೆಂಗ ಕೊಡ್ತೀರಿ?"