ನನ್ನ ಹಸುವಿಗೆ ಜಪ ಹಿಡಿಸಿದವನು

ನಾನು: ನನ್ನ ಹಸುಗೆ ಏನ್ ತಿನ್ನಿಸ್ದೆ, ಮೊದ್ಲು ಅದನ್ನ ಹೇಳು. ಆಮೇಲೆ ಬೇಲಿ ದಾಟು.

ಫೀಲಿಮ್: ದಾಟಿ ಆಯ್ತಲ್ಲೋ. ಊರಿಗೆಲ್ಲಾ ಕೇಳೋ ಹಾಗೆ ಕೂಗ್ದೆ. ಹುಲ್ಲಿಗೆ ಬೆಂಕಿ ಬಿತ್ತು ಅಂದ್ಕೊಂಡು ಬಕೆಟ್ ಸಮೇತ ಓಡಿ ಬಂದೆ.

ನಾನು: ಬಕೆಟ್ ತಂದಿದ್ದು ಒಳ್ಳೇದೇ ಆಯ್ತು. ತುಂಬ್ಸೋಕೆ ಹಾಲೆಲ್ಲಿ? ನಿನ್ನೆ ಬೆಳಗ್ಗೆಯಿಂದ ಡಚೆಸ್ ಸರಿಯಾಗಿ ಹಾಲು ಬಿಟ್ಟಿಲ್ಲ. ಕೆಚ್ಚಲು ನೋಡು, ಬಡಿದ್ರೆ ಡೋಲಿನ ಸದ್ದು ಬರುತ್ತೆ.

ಡಚೆಸ್ ಎಂದರೆ ನಮ್ಮ ಕೊಟ್ಟಿಗೆಯ ದೊಡ್ಡ ಹಸು. ಮನೆ ನಡೆಯುವುದೇ ಅದರ ಹಾಲಿನಲ್ಲಿ. ಫೀಲಿಮ್ ಮಗ್ವೈರ್ ಬೇಲಿಯಾಚೆಯ ಮನೆಯವನು, ಕಥೋಲಿಕ. ನಾನು ವಿಲ್ಬರ್ಟ್ ಕ್ರೋಜಿಯರ್, ಪ್ರಾಟೆಸ್ಟೆಂಟ್, ಸಾಲದ್ದಕ್ಕೆ ನಮ್ಮವರ ಮೆರವಣಿಗೆ ಸಂಘದ ಸದಸ್ಯ. ನಮ್ಮ ವಿಲಿಯಂ ರಾಜ ಹಿಂದೆ ಕಥೋಲಿಕ ರಾಜನನ್ನು ಸೋಲಿಸಿದ ನೆನಪಿಗೆ ಜುಲೈ ಹನ್ನೆರಡರಂದು ನಾವು ಹೆಗಲಿಗೆ ಕಿತ್ತಲೆ ಪಟ್ಟಿ ಹಾಕಿಕೊಂಡು ಕೊಳಲು ಡೋಲುಗಳೊಂದಿಗೆ ಎನಿಸ್ಕಿಲನ್ ಪೇಟೆ ಕಡೆ ಹೊರಟರೆ ನನ್ನ ಹಸುಗಳ ಹಾಲನ್ನು ಫೀಲಿಮ್ ಕರೆಯುತ್ತಾನೆ. ಆಗಸ್ಟ್ ಹದಿನೈದರಂದು ಅವರು ಮೇರಿ ಮಾತೆಯ ಹಬ್ಬದ ಮೆರವಣಿಗೆ ಹೊರಟರೆ ಅವನ ಹಸುಗಳ ಹಾಲನ್ನು ನಾನು ಕರೆಯುತ್ತೇನೆ. ನಮ್ಮ ಅಪ್ಪಂದಿರ ಕಾಲದಿಂದಲೂ ಹೀಗೇ. ಈ ಸಲ ಮಾತ್ರ ಸಂಘದ ಪತಾಕೆಗೆ ಗಾಳಿ ನುಗ್ಗಿ, ಕೋಲು ತಿರುಚಿಕೊಂಡು, ಹಿಡಿದಿದ್ದ ನನ್ನ ಮಣಿಕಟ್ಟು ಉಳುಕಿ ಕುಂಬಳಕಾಯಿಯಾಯಿತು. ಒಂದು ದಿನದ ಉಪಕಾರ ಮೂರು ವಾರಕ್ಕೆ ಎಳೆಯಿತು. ಮೊನ್ನೆ ಬ್ಯಾಂಡೇಜು ಬಿಚ್ಚಿ, ನಿನ್ನೆ ನಾನೇ ಕರೆಯಲು ಕೂತೆ. ಹಸು ನನ್ನ ಗುರುತೇ ಇಲ್ಲದ ಹಾಗೆ ನಿಂತಿತು.

ಫೀಲಿಮ್: ಹುಲ್ಲೇ ತಿನ್ಸಿದ್ದು ಮಾರಾಯ. ಅದೂ ನಿನ್ನ ಹುಲ್ಲೇ. ನಂದಕ್ಕಿಂತ ಕಳಪೆ, ಆದ್ರೂ ನಾನು ಬಾಯಿ ಬಿಟ್ಟು ಹೇಳ್ಲಿಲ್ಲ.

ನಾನು: ಕಳಪೆ ಅಂತೀಯ?

ಫೀಲಿಮ್: ಹೇಳ್ಲಿಲ್ಲ ಅಂದ್ನಲ್ಲ.

ನಾನು: ತೀರ್ಥ ಗೀರ್ಥ ಏನಾದ್ರೂ ಚಿಮುಕಿಸ್ದಾ? ನಿಜ ಹೇಳು.

ಫೀಲಿಮ್: ನಮ್ಮ ಪಾದ್ರಿಗಳು ಕೊಡೋ ತೀರ್ಥ ನಮ್ಮ ಹಸುಗಳಿಗೇ ಸಾಲ್ದು. ನಿಂದಕ್ಕೆ ಯಾರು ಚೆಲ್ತಾರೆ?

ನಾನು: ಹಾಗಾದ್ರೆ ಮೂರು ವಾರ ಇಲ್ಲಿ ಕೂತು ಮಾಡಿದ್ದೇನು?

ಫೀಲಿಮ್: ಹಾಲು ಕರೆದಿದ್ದು.

ನಾನು: ಅದರ ಜೊತೆಗೆ?

ಫೀಲಿಮ್ ಟೋಪಿ ತೆಗೆದು ಒಳಗೆ ಇಣುಕಿದ, ಉತ್ತರ ಅಲ್ಲಿ ಬಿದ್ದಿದೆಯೇನೋ ಎಂಬಂತೆ.

ಫೀಲಿಮ್: ಜೊತೆಗೆ... ಸ್ವಲ್ಪ ಮಾತು.

ನಾನು: ಯಾರ ಹತ್ರ?

ಫೀಲಿಮ್: ಮೇಲಿರೋರ ಹತ್ರ.

ನಾನು: ಅಟ್ಟದ ಮೇಲೆ ಯಾರನ್ನ ಕೂರ್ಸಿದ್ದೆ?

ಫೀಲಿಮ್: ಅಟ್ಟಕ್ಕಿಂತ ಮೇಲೆ ಕಣೋ. ಮೇರಿ ಮಾತೆಯ ಜಪಸರ ಹೇಳ್ತಿದ್ದೆ.

ನಾನು: ನನ್ನ ಕೊಟ್ಟಿಗೇಲಿ?

ಫೀಲಿಮ್: ಎರಡು ಮನೆ ಹಾಲು ಕರ್ದು ಹೋಗೋ ಹೊತ್ತಿಗೆ ನಮ್ಮನೇಲಿ ಎಲ್ರೂ ಜಪ ಮುಗ್ಸಿ ಹಾಸಿಗೆ ಸೇರಿರ್ತಿದ್ರು. ಒಂದು ದಿನಾನೂ ತಪ್ಪಿಸಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೀನಿ. ಬೆಳಗ್ಗೆ ಇಲ್ಲೇ ಶುರು ಮಾಡಿ ಸಂಜೆ ಇಲ್ಲೇ ಮುಗಿಸ್ತಿದ್ದೆ. ಕೈಗೆ ಕೈಯ ಕೆಲಸ, ಬಾಯಿಗೆ ಬಾಯಿಯ ಕೆಲಸ.

ನಾನು: ಆ ಗೋಡೆ ಮೇಲೆ ನಮ್ಮ ವಿಲಿಯಂ ರಾಜನ ಚಿತ್ರ ಇದೆ. ಕಣ್ಣಿಗೆ ಬೀಳ್ಲಿಲ್ವಾ?

ಫೀಲಿಮ್: ಬೀಳ್ದೆ ಏನು. ಅವರಿಗೆ ಮುಜುಗರ ಆಗ್ಬಾರ್ದು ಅಂತ ದಿನಾ ನನ್ನ ಕೋಟನ್ನ ಅದರ ಮೇಲೆ ನೇತು ಹಾಕ್ತಿದ್ದೆ. ಮುಗಿದ್ಮೇಲೆ ಧೂಳು ಒರೆಸಿ ಹೋಗ್ತಿದ್ದೆ.

ನೋಡಿದರೆ ಹೌದು, ಚಿತ್ರದ ಗಾಜು ಮಿರಮಿರ ಮಿಂಚುತ್ತಿತ್ತು. ಅದನ್ನು ಕಂಡು ನನ್ನ ಸಿಟ್ಟು ಇನ್ನೂ ಏರಿತು. ಬೈಯಲು ಕೂತಾಗ ಎದುರಿನವನು ಒಳ್ಳೆಯವನಾಗಿ ನಡೆದುಕೊಂಡಿದ್ದರೆ ಆಗುವ ಕಷ್ಟ ಯಾರಿಗೂ ಬೇಡ.

ನಾನು: ಅವಳು ಪ್ರಾಟೆಸ್ಟೆಂಟ್ ಹಸು ಕಣೋ. ಅವಳಮ್ಮ, ಅವಳಜ್ಜಿ, ಎಲ್ಲಾ ಇದೇ ಕೊಟ್ಟಿಗೇಲಿ ಹುಟ್ಟಿದ್ದು.

ಫೀಲಿಮ್: ನಾನೇನು ಬಾ ಅಂತ ಕರೆದ್ನಾ? ಅವಳೇ ಕಿವಿ ತಿರುಗಿಸಿದ್ಲು.

ನಾನು: ಅದಕ್ಕೇ ಹೀಗೆ. ನಿನ್ನೆ ನಮ್ಮ ಮೆರವಣಿಗೆ ರಾಗ ಸಿಳ್ಳೆ ಹಾಕ್ದೆ, ಬಾಲದಲ್ಲಿ ಕೆನ್ನೆಗೆ ಬಾರಿಸಿದ್ಲು. ಇವತ್ತು ಬೆಳಗ್ಗೆ ನಮ್ಮ ಚರ್ಚಿನ ದಾವೀದನ ಕೀರ್ತನೆ ಹಾಡ್ದೆ, ಬಕೆಟ್ ಒದ್ಲು.

ಫೀಲಿಮ್: ಅದರಲ್ಲಿ ಮತದ ಮಾತೇನಿಲ್ಲ. ನಿನ್ನ ಹಾಡಿಗೆ ನಾನೂ ಒಂದ್ಸಲ ಬಕೆಟ್ ಒದ್ದಿದ್ದೀನಿ, ಬೇಲಿ ಆಚೆ ನಿಂತು.

ಡಚೆಸ್ ನೋವಿನಿಂದ ಹಿಂಗಾಲು ಎತ್ತಿ ಇಟ್ಟಿತು. ಇಬ್ಬರೂ ಬಗ್ಗಿ ಕೆಚ್ಚಲು ನೋಡಿದೆವು. ಇನ್ನೊಂದು ಹೊತ್ತು ಹಾಲು ಕಟ್ಟಿಕೊಂಡರೆ ಕೆಚ್ಚಲು ಬಾವು ಖಂಡಿತ. ಒಂದು ಮೊಲೆ ಕೆಟ್ಟರೂ ಅಂಥ ಹಸುವನ್ನು ಕಟುಕ ಬಿಟ್ಟರೆ ಬೇರೆ ಯಾರೂ ಕೊಳ್ಳುವುದಿಲ್ಲ.

ನಾನು: ಸರಿ, ಕೂತ್ಕೊ. ನಿನ್ನ ಜಪ ಹೇಳಿ ಕರಿ. ಮೊದ್ಲು ಬಾಗಿಲು ಹಾಕ್ತೀನಿ. ನನ್ನ ಕೈ ಹೇಗಿದೆ ಅಂತ ನೋಡೋಕೆ ಇವತ್ತು ಬೀಟಿ ಬರ್ತಾನೆ.

ಬೀಟಿ ನಮ್ಮ ಸಂಘದ ಯಜಮಾನ. ಕಥೋಲಿಕರ ಮದುವೆಯಲ್ಲಿ ಕೇಕು ತಿಂದ ತಪ್ಪಿಗೆ ಸ್ವಂತ ತಮ್ಮನ ಹೆಗಲಿನಿಂದಲೇ ಕಿತ್ತಲೆ ಪಟ್ಟಿ ಕಿತ್ತುಕೊಂಡವನು. ನನ್ನ ಕೊಟ್ಟಿಗೆಯಲ್ಲಿ ಜಪಸರ ಕೇಳಿಸಿದರೆ ಆತ ಕೀಳುವುದು ಪಟ್ಟಿಯೊಂದನ್ನೇ ಅಲ್ಲ, ಅದರ ಜೊತೆಗೆ ನನ್ನ ಅಪ್ಪ ಅಜ್ಜಂದಿರ ಹೆಸರನ್ನೂ.

ಫೀಲಿಮ್ ರಾಜನ ಚಿತ್ರಕ್ಕೆ ಕೋಟು ಹೊದಿಸಿ, ಸ್ಟೂಲಿನ ಮೇಲೆ ಕೂತು, ಹಸುವಿನ ಪಕ್ಕೆಗೆ ಹಣೆ ಆನಿಸಿ ಗೊಣಗತೊಡಗಿದ. ಡಚೆಸ್ ಕಿವಿಯನ್ನೇನೋ ತಿರುಗಿಸಿತು. ಹಾಲು ಬಿಡಲಿಲ್ಲ.

ನಾನು: ನೋಡ್ದಾ? ನಿಮ್ಮದೂ ನಡೀಲಿಲ್ಲ.

ಫೀಲಿಮ್: ಇದು ಅರ್ಧ ಅಷ್ಟೇ. ಅರ್ಧ ನಾನು ಹೇಳ್ಬೇಕು, ಇನ್ನರ್ಧ ಇನ್ನೊಬ್ರು ಉತ್ತರ ಕೊಡ್ಬೇಕು. ಅವಳು ಆ ಉತ್ತರಕ್ಕೆ ಕಾಯ್ತಿದ್ದಾಳೆ.

ನಾನು: ಮೂರು ವಾರ ಉತ್ತರ ಕೊಟ್ಟಿದ್ದು ಯಾರು? ಹೆಂಡ್ತಿ ಕರ್ಕೊಂಡು ಬರ್ತಿದ್ಯಾ?

ಫೀಲಿಮ್: ಅದನ್ನ ಮಾತ್ರ ಕೇಳ್ಬೇಡ.

ನಾನು: ಕೇಳ್ತೀನಿ. ಕೊಟ್ಟಿಗೆ ನಂದು.

ಹಾಲಿನ ಕೋಣೆಯ ಬಾಗಿಲು ತೆರೆಯಿತು. ಸೋಸುವ ಬಟ್ಟೆ ಕೈಯಲ್ಲಿ ಹಿಡಿದು ನನ್ನ ಹೆಂಡತಿ ಹೆಸ್ಟರ್ ನಿಂತಿದ್ದಳು.

ಹೆಸ್ಟರ್: ಕೂಗಾಡ್ಬೇಡಿ, ಹಸು ಹೆದರುತ್ತೆ. ಉತ್ತರ ಕೊಟ್ಟಿದ್ದು ನಾನು.

ನಾನು: ನೀನು? ನಮ್ಮ ಚರ್ಚಿನ ಹಿರಿಯರ ಮಗಳು?

ಹೆಸ್ಟರ್: ಮನೆಗೆ ಬಂದೋರು ಮಾತಾಡಿದ್ರೆ ಉತ್ತರ ಕೊಡ್ಬೇಡ ಅಂತ ನಮ್ಮಪ್ಪ ಹೇಳ್ಕೊಟ್ಟಿಲ್ಲ. ನಮ್ಮ ಹಸು ಕೆಳಗೆ ಕೂತು ಒಬ್ಬ ಮನುಷ್ಯ ಅರ್ಧ ಹೇಳೋದು, ಯಾರಾದ್ರೂ ಇದ್ದಾರಾ ಅನ್ನೋ ಹಾಗೆ ಸ್ವಲ್ಪ ನಿಲ್ಲೋದು, ಆಮೇಲೆ ಇನ್ನರ್ಧಾನೂ ತಾನೇ ಹೇಳ್ಕೊಳ್ಳೋದು. ಎರಡು ದಿನ ಕೇಳಿಸ್ಕೊಂಡೆ. ಮೂರನೇ ದಿನ ತಡ್ಕೊಳ್ಳೋಕಾಗ್ಲಿಲ್ಲ.

ಫೀಲಿಮ್: ನಾನು ಕೇಳಿದ್ದಲ್ಲ ವಿಲ್ಬರ್ಟ್. ಗೋಡೆ ಆಚೆಯಿಂದ ದನಿ ಬಂದಾಗ ಸ್ಟೂಲಿಂದ ಬಿದ್ದಿದ್ದೆ.

ನಾನು: ಆವಾಗ ನಾನು ಎಲ್ಲಿ ಸತ್ತಿದ್ದೆ?

ಹೆಸ್ಟರ್: ಒಲೆ ಮುಂದೆ, ಕೈ ಹೋಯ್ತು ಕೈ ಹೋಯ್ತು ಅಂತ ನರಳ್ತಿದ್ರಿ. ನಿಮ್ಮ ಆ ಗದ್ದಲದಲ್ಲಿ ದೇವದೂತರು ಬಂದು ಹಾಡಿದ್ರೂ ಕೇಳಿಸ್ತಿರ್ಲಿಲ್ಲ. ಈಗ ಕೂತ್ಕೊಳ್ಳಿ. ಹಾಲು ಕರೆಯೋರು ನೀವು, ಜಪ ನಮ್ಮದು.

ಬೇರೆ ದಾರಿಯಿರಲಿಲ್ಲ. ಫೀಲಿಮ್ ಸ್ಟೂಲು ಬಿಟ್ಟುಕೊಟ್ಟ. ಕೂತೆ. ಫೀಲಿಮ್ ಅರ್ಧ ಹೇಳಿದ, ಹೆಸ್ಟರ್ ಉಳಿದರ್ಧ ಹೇಳಿದಳು. ಡಚೆಸ್ ಉದ್ದಕ್ಕೆ ಒಂದು ಉಸಿರು ಬಿಟ್ಟಿತು. ನಾನು ಹಿಡಿದ ಮುಂದಿನೆರಡು ಮೊಲೆಗಳಿಂದ ಹಾಲು ಬಕೆಟ್ಟಿಗೆ ಸುರ್ರನೆ ಇಳಿಯಿತು. ಸಂತೋಷಪಡುವುದೋ ನಾಚಿಕೆಪಡುವುದೋ ತಿಳಿಯದೆ ಇನ್ನೂ ಜೋರಾಗಿ ಕರೆದೆ.

ಆಗಲೇ ಅಂಗಳದಲ್ಲಿ ಸೈಕಲ್ ಬೆಲ್ ಆಯಿತು. ಜಪ ನಿಂತಿತು. ಹಾಲೂ ನಿಂತಿತು. ಬಾಗಿಲು ತಳ್ಳಿಕೊಂಡು ಬೀಟಿ ಒಳಗೆ ಬಂದ.

ಬೀಟಿ: ಸೋದರ ವಿಲ್ಬರ್ಟ್, ಒಳಗೆ ಏನೋ ಗುಣುಗುಣು ಅಂತಿತ್ತಲ್ಲ. ಒಬ್ರು ಹೇಳೋ ಹಾಗೆ, ಇನ್ನೊಬ್ರು ಉತ್ತರ ಕೊಡೋ ಹಾಗೆ?

ಹೆಸ್ಟರ್ ಬಾಯಿ ತೆರೆದಳು. ಅವಳು ಸುಳ್ಳು ಹೇಳುವವಳಲ್ಲ. ಅದೇ ನನ್ನ ಭಯ. ಅಷ್ಟರಲ್ಲಿ ಫೀಲಿಮ್ ಮುಂದೆ ಬಂದ.

ಫೀಲಿಮ್: ಅದು ನಾನೇ ಸ್ವಾಮಿ. ಹೆಸ್ಟರಮ್ಮನ ಹತ್ರ ದಾವೀದನ ಕೀರ್ತನೆ ಕಲೀತಿದ್ದೆ.

ಬೀಟಿ: ನೀನು? ಮಗ್ವೈರ್ ಮನೆಯೋನು?

ಫೀಲಿಮ್: ಹೂಂ ಸ್ವಾಮಿ.

ಆ ಮಾತು ಅವರ ಪಾದ್ರಿಯ ಕಿವಿಗೆ ಬಿದ್ದರೆ ಈ ಹದಿನೈದರ ಮೆರವಣಿಗೆಯಲ್ಲಿ ಫೀಲಿಮ್‌ಗೆ ಪತಾಕೆಯಿರಲಿ, ಅದರ ದಾರ ಹಿಡಿಯಲೂ ಬಿಡುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಅವನ ಮುಖ ನೋಡಲಾಗದೆ, ಹಿಂದಿನ ಮೊಲೆಗಳಿಗೆ ಕೈ ಹಾಕಿ, ಹಸುವಿನ ಹೊಟ್ಟೆ ನೋಡುತ್ತ ಕೂತೆ.

ಬೀಟಿ: ಎಲ್ಲಿ, ಹೇಳು ಕೇಳೋಣ.

ಕಥೆ ಮುಗಿಯಿತು ಎಂದು ಕಣ್ಣು ಮುಚ್ಚಿದೆ. ಫೀಲಿಮ್ ಗಂಟಲು ಸರಿಮಾಡಿಕೊಂಡು ಹಾಡಿದ. ಮೊದಲ ಸಾಲು ಅವನು, ಎರಡನೆಯದು ಹೆಸ್ಟರ್, ಮೂರನೆಯದು ಮತ್ತೆ ಅವನು. ಒಂದು ಅಕ್ಷರ ತಪ್ಪಲಿಲ್ಲ. ನಾನು ನುಂಗಿಬಿಡುವ ಮೂರನೇ ಚರಣವನ್ನೂ ಪೂರ್ತಿ ಹಾಡಿದ. ನನ್ನ ಕೈಯಲ್ಲಿದ್ದ ಹಿಂದಿನ ಮೊಲೆಗಳಿಂದ ಹಾಲು ತಾನಾಗಿ ಸುರಿಯಿತು. ಬೀಟಿ ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದುಕೊಂಡ.

ಬೀಟಿ: ಸೋದರ, ಸಂಘದಲ್ಲಿ ಎಷ್ಟು ವರ್ಷ ಡೋಲು ಬಾರಿಸಿದ್ರೂ ಆಗದ ಕೆಲಸ ಇದು. ಸಭೇಲಿ ಎಲ್ರಿಗೂ ಹೇಳ್ತೀನಿ.

ಫೀಲಿಮ್: ಬೇಡ ಸ್ವಾಮಿ. ನಮ್ಮ ಪಾದ್ರಿಗಳ ಕಿವಿಗೆ ಬಿದ್ರೆ ನನ್ನ ಚರ್ಮ ಸುಲೀತಾರೆ.

ಬೀಟಿ: ಸರಿ. ಈ ನಾಲಗೆಗೆ ಬೀಗ ಹಾಕ್ದೆ. ಆ ಗೋಡೆ ಮೇಲೆ ಕೋಟು ಯಾಕೆ ನೇತು ಹಾಕಿದ್ದೀರಿ?

ಹೆಸ್ಟರ್: ಅದರ ಕೆಳಗೆ ರಾಜನ ಚಿತ್ರ ಇದೆ. ಫೀಲಿಮ್ ದಿನಾ ಅದರ ಧೂಳು ಒರೆಸ್ತಾನೆ.

ಬೀಟಿ ಇನ್ನಷ್ಟು ಸಂತುಷ್ಟನಾಗಿ ಸೈಕಲ್ ಹತ್ತಿದ. ನನ್ನ ಕೈ ಹೇಗಿದೆ ಎಂದು ಕೇಳಲೇ ಇಲ್ಲ.

ನಾನು: ಈಗ ಹೇಳು. ಕೀರ್ತನೆ ಎಲ್ಲಿಂದ ಬಂತು?

ಫೀಲಿಮ್: ಹೆಸ್ಟರಮ್ಮ ದಿನಾ ನನ್ನ ಜಪಕ್ಕೆ ಉತ್ತರ ಕೊಡ್ತಿದ್ರು. ಅದಾದ್ಮೇಲೆ ಅವರ ಕೀರ್ತನೆ ಶುರುವಾಗ್ತಿತ್ತು. ನಾನು ಬಾಯಿ ಮುಚ್ಕೊಂಡು ಕೂತಿದ್ರೆ ಮರ್ಯಾದೆಯಾ?

ನಾನು: ಹಾಗಿದ್ರೆ ನಾನು ಕೀರ್ತನೆ ಹಾಡಿದಾಗ ಯಾಕೆ ಒದ್ಲು?

ಹೆಸ್ಟರ್: ನೀವು ಒಬ್ರೇ ಹಾಡಿದ್ರಿ. ಅದೂ ನಿಮ್ಮ ದನಿಯಲ್ಲಿ.

ನಾನು ಮತ್ತೆ ಮುಂದಿನ ಮೊಲೆಗಳನ್ನು ಹಿಡಿದೆ. ಡಚೆಸ್ ತೊಟ್ಟೂ ಬಿಡಲಿಲ್ಲ.

ನಾನು: ಇನ್ನೇನಂತೆ ಇವಳಿಗೆ? ಅರ್ಧ ಕೆಚ್ಚಲು ಇನ್ನೂ ತುಂಬಿದೆ.

ಹೆಸ್ಟರ್: ಮುಂದಿನೆರಡು ಮೊಲೆ ಜಪಕ್ಕೆ, ಹಿಂದಿನೆರಡು ಕೀರ್ತನೆಗೆ. ನಮ್ಮಿಬ್ಬರ ಲೆಕ್ಕ ಹಾಗಿತ್ತು. ಬೀಟಿ ಬಂದು ಜಪ ಮಧ್ಯಕ್ಕೇ ನಿಂತ್ಹೋಯ್ತಲ್ಲ, ಅದನ್ನ ಮುಗಿಸ್ಬೇಕು.

ನಾನು: ಮುಗಿಸು ಮತ್ತೆ.

ಹೆಸ್ಟರ್: ಹೆಂಚಿನ ಮೇಲೆ ರೊಟ್ಟಿ ಸೀದು ವಾಸನೆ ಬರ್ತಿದೆ. ಫೀಲಿಮ್‌ಗೂ ಸೇರಿಸಿ ಹಾಕಿದ್ದೀನಿ. ಇವತ್ತಿನ ಉತ್ತರ ನೀವೇ ಕೊಡಿ.

ಅವಳು ಹೊರಟೇ ಹೋದಳು. ಫೀಲಿಮ್ ನನ್ನನ್ನು ನೋಡಲಿಲ್ಲ. ಕೋಟು ಸರಿಯಾಗಿ ಮುಚ್ಚಿದೆಯೇ ಎಂದು ರಾಜನ ಕಡೆ ನೋಡಿದ. ಡಚೆಸ್ ಮಾತ್ರ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿತ್ತು. ನಾನೆದ್ದು ಬಾಗಿಲಿಗೆ ಹೋದೆ. ಬೀಟಿಯ ಬೆನ್ನು ಸೇತುವೆಯಾಚೆಯ ತಿರುವಿನಲ್ಲಿ ಮರೆಯಾಗುವ ತನಕ ಕಾದು, ಅಗುಳಿ ಹಾಕಿ ಬಂದು ಸ್ಟೂಲಿನ ಮೇಲೆ ಕೂತೆ.

ನಾನು: ಈ ವಿಷಯ ನಿನ್ನ ಬಾಯಿಂದ ಹೊರಗೆ ಬಿದ್ರೆ ಬೇಲಿ ಎತ್ತರ ಮಾಡಿಸ್ತೀನಿ.

ಫೀಲಿಮ್: ಕೀರ್ತನೆ ವಿಷಯ ನಿನ್ನ ಬಾಯಿಂದ ಬಿದ್ರೆ ಆ ಬೇಲಿ ಖರ್ಚು ನಾನೇ ಹಾಕ್ತೀನಿ.

ನಾನು ಹಸುವಿನ ಪಕ್ಕೆಗೆ ಹಣೆ ಆನಿಸಿ, ಅವರಿಬ್ಬರಿಂದ ಕೇಳಿದ್ದಷ್ಟನ್ನು ಒಂದೇ ಉಸಿರಿಗೆ ಒದರಿಬಿಟ್ಟೆ.

ಫೀಲಿಮ್: ತಾಳೋ ಮಾರಾಯ, ಅದು ನನ್ನ ಅರ್ಧ. ನಿಂದು ಇನ್ನೂ ಬಂದಿಲ್ಲ.